ಸಮುದ್ರವೇ ಇಲ್ಲದ ಕಾಯ್ ಪ್ರಾಂತ್ಯ ‘ಪೂರ್ವ ಸಮುದ್ರದ ದಾರಿ’ಗೆ ಸೇರಿದ್ದು ಹೇಗೆ?

ನಕಾಶೆನಂಟು ಬರೆದದ್ದು:

ಎಲ್ಲರಿಗೂ ನಮಸ್ಕಾರ. ಜಪಾನಿನ ಹಳೆಯ ಪ್ರಾಂತ್ಯಗಳ ನಕಾಶೆಯನ್ನು ಹರಡಿಕೊಂಡು ಕುಳಿತಿದ್ದಾಗ ಎದುರಾದ ತೊಡಕೊಂದನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ. ಇಂದಿನ ಯಮನಾಶಿ ಪ್ರಿಫೆಕ್ಚರ್‌ನ ನೆಲವೇ, ಹೆಚ್ಚುಕಡಿಮೆ ಇದೇ ಗಡಿಗಳೊಂದಿಗೆ, ಸಾವಿರ ವರ್ಷಕ್ಕೂ ಮೀರಿ ಕಾಯ್ ಪ್ರಾಂತ್ಯವೆನಿಸಿಕೊಂಡಿತ್ತು. (ಹೆಸರನ್ನು ‘ಕಾಯಿ’ ಎಂದು ಬರೆದರೆ ತೆಂಗಿನಕಾಯಿ ನೆನಪಾಗುತ್ತದೆ, ‘ಕೈ’ ಎಂದರೆ ಗೊಂದಲ ಇನ್ನೂ ಹೆಚ್ಚು. ಆದ್ದರಿಂದ ಇಲ್ಲಿ ಎಲ್ಲರೂ ‘ಕಾಯ್’ ಎಂದೇ ಬರೆಯೋಣ.)

ಉತ್ತರ ಮತ್ತು ಪಶ್ಚಿಮಕ್ಕೆ ಶಿನಾನೊ, ಪೂರ್ವಕ್ಕೆ ಮುಸಾಶಿ ಮತ್ತು ಸಗಾಮಿ, ದಕ್ಷಿಣಕ್ಕೆ ಸುರುಗಾ. ಹೀಗೆ ನಾಲ್ಕು ಪ್ರಾಂತ್ಯಗಳು ಇದನ್ನು ಸುತ್ತುವರಿದಿದ್ದವು. ದಕ್ಷಿಣದ ಗಡಿಯಲ್ಲಿ 3776 ಮೀಟರ್ ಎತ್ತರದ ಫುಜಿ ಪರ್ವತ, ಪಶ್ಚಿಮದಲ್ಲಿ ದೇಶದ ಎರಡನೆಯ ಅತಿ ಎತ್ತರದ ಶಿಖರವಾದ 3193 ಮೀಟರಿನ ಕಿತಾದಾಕೆ, ವಾಯವ್ಯದಲ್ಲಿ ಯತ್ಸುಗಾತಾಕೆ ಸಾಲು. ಎಲ್ಲಿಂದ ನೋಡಿದರೂ ಗೋಡೆಯೇ. ಆದರೂ ಪ್ರಾಚೀನ ಆಡಳಿತದ ಏಳು ‘ದಾರಿ’ಗಳಲ್ಲಿ ಇದನ್ನು ಸೇರಿಸಿದ್ದು ತೊಕೈದೊಗೆ, ಅಂದರೆ ಪೂರ್ವ ಸಮುದ್ರದ ದಾರಿಗೆ. ಪಕ್ಕದ ಶಿನಾನೊ ಮಾತ್ರ ನ್ಯಾಯವಾಗಿ ತೊಸಾಂದೊ ಎಂಬ ಬೆಟ್ಟದ ದಾರಿಯಲ್ಲಿದೆ. ಒಂದು ಹಿಡಿ ಉಪ್ಪಿಗೂ ಪರರ ಕಡೆ ನೋಡಬೇಕಾಗಿದ್ದ ನಾಡನ್ನು ಸಮುದ್ರದ ಲೆಕ್ಕಕ್ಕೆ ಬರೆದದ್ದೇಕೆ? ಇದು ಬರಿಯ ಕಡತದ ಅನುಕೂಲವೋ, ಅಥವಾ ನೆಲದ ಮೇಲೆ ಇದಕ್ಕೊಂದು ಕಾರಣವಿತ್ತೋ?

ಹಳೆಹೆದ್ದಾರಿ ಬರೆದದ್ದು:

ಕಾರಣ ನೆಲದ ಮೇಲೆಯೇ ಇತ್ತು. ‘ದೊ’ ಎಂಬ ಪದಕ್ಕೆ ವಲಯ ಎಂಬ ಅರ್ಥ ಬಂದದ್ದು ಆಮೇಲೆ. ಮೂಲದಲ್ಲಿ ಅದು ರಾಜಧಾನಿಯಿಂದ ಹೊರಟ ಅಧಿಕಾರಿಯ ಕುದುರೆ ಸಾಗುವ ದಾರಿ. ಒಂದು ಪ್ರಾಂತ್ಯ ಯಾವ ಗುಂಪಿಗೆ ಸೇರಬೇಕೆಂಬುದನ್ನು ಅಲ್ಲಿಗೆ ಆಜ್ಞಾಪತ್ರ ಯಾವ ದಾರಿಯಿಂದ ತಲುಪುತ್ತದೆ ಎಂಬುದು ತೀರ್ಮಾನಿಸುತ್ತಿತ್ತೇ ಹೊರತು, ಅಲ್ಲಿ ಅಲೆಗಳ ಸದ್ದು ಕೇಳಿಸುತ್ತದೆಯೇ ಎಂಬುದಲ್ಲ.

ಕಡಲತೀರದ ಹೆದ್ದಾರಿಯಿಂದ ಸುರುಗಾದಲ್ಲಿ ಒಂದು ಕವಲು ಒಡೆದು, ಫುಜಿಯ ಪೂರ್ವದ ಬುಡವನ್ನು ಬಳಸಿಕೊಂಡು, ಕವಾಗುಚಿ ಸರೋವರದ ಬಳಿಯ ಠಾಣೆಯನ್ನು ದಾಟಿ, ಮಿಸಾಕಾ ಕಣಿವೆಮಾರ್ಗವನ್ನೇರಿ, ಒಳಗಿನ ಬಯಲಿಗೆ ಇಳಿಯುತ್ತಿತ್ತು. 10ನೇ ಶತಮಾನದ ಆಡಳಿತ ಸಂಹಿತೆಯಲ್ಲಿ ಈ ಕವಲಿಗೆ ಕಾಯ್ ಪ್ರಾಂತ್ಯದೊಳಗೆ ಮೂರು ಠಾಣೆಗಳನ್ನು ಹೇಳಲಾಗಿದೆ. ಪ್ರಾಂತ್ಯದ ಹಳೆಯ ಆಡಳಿತ ಕೇಂದ್ರ ಮತ್ತು ಕೊಕುಬುನ್‌ಜಿ ಎಂಬ ಸರಕಾರಿ ಬೌದ್ಧ ವಿಹಾರ ಇಂದಿನ ಆಡಳಿತ ಕೇಂದ್ರವಾದ ಕೋಫು ನಗರದಲ್ಲಿರದೆ, ಬಯಲಿನ ಪೂರ್ವದ ಅಂಚಿನಲ್ಲಿ, ಈಗಿನ ಫುಎಫುಕಿ ನಗರದ ಕಡೆ ಇದ್ದುದಕ್ಕೆ ಅರ್ಥ ಸಿಗುವುದು ಈ ದಾರಿಯನ್ನು ನಕಾಶೆಯ ಮೇಲೆ ಎಳೆದಾಗಲೇ. ದಾರಿ ಬಯಲಿಗೆ ಕಾಲಿಡುವ ಜಾಗದಲ್ಲಿ ಕಚೇರಿ ಕುಳಿತಿತ್ತು.

ಹೆಸರಿನ ವಿಚಾರದಲ್ಲಿಯೂ ಇದೇ ವಾದವಿದೆ. ‘ಕಾಯ್’ ಎಂದರೆ ಬೆಟ್ಟಗಳ ನಡುವಿನ ಸಂದು ಎಂಬುದು ರೂಢಿಯ ಅರ್ಥ. ಆದರೆ (ಹೆಸರಿನ ಹಳೆಯ ರೂಪ ‘ಕಾಹಿ’) ಪ್ರಾಚೀನ ಜಪಾನಿ ಭಾಷೆಯಲ್ಲಿ ಎರಡು ಬಗೆಯ ‘ಹಿ’ ಧ್ವನಿಗಳಿದ್ದು, ಸಂದಿನ ಪದದಲ್ಲಿ ಒಂದು, ಪ್ರಾಂತ್ಯದ ಹೆಸರಿನಲ್ಲಿ ಇನ್ನೊಂದು ಬರುತ್ತದೆ ಎಂಬ ಆಕ್ಷೇಪವನ್ನು ಭಾಷಾತಜ್ಞರು ಎತ್ತಿದ್ದಾರೆ. ದಾರಿಗಳು ಸಂಧಿಸುವ ಜಾಗ ಎಂಬ ಅರ್ಥವನ್ನು ಮುಂದಿಡುವವರೂ ಇದ್ದಾರೆ. 712ರ ಪುರಾಣಗ್ರಂಥ ‘ಕೊಜಿಕಿ’ಯಲ್ಲಿ ವೀರ ಯಮಾತೊ ತಕೆರು ಪೂರ್ವದ ದಂಡಯಾತ್ರೆ ಮುಗಿಸಿ ಮರಳುವಾಗ ಕಾಯ್‌ನ ಸಕಾಓರಿಯಲ್ಲಿ ತಂಗುತ್ತಾನೆ. ದಾರಿಯಲ್ಲಿ ಎಷ್ಟು ರಾತ್ರಿಗಳು ಕಳೆದವೆಂದು ಅವನು ಹಾಡಿ ಕೇಳಲು, ಬೆಂಕಿ ಕಾಯುವ ಮುದುಕ ‘ಒಂಬತ್ತು ರಾತ್ರಿ, ಹತ್ತು ಹಗಲು’ ಎಂದು ಹಾಡಿನಲ್ಲೇ ಉತ್ತರ ಕೊಡುತ್ತಾನೆ. ಅಲ್ಲಿಂದ ವೀರನು ಹೋಗುವುದು ಶಿನಾನೊಗೆ, ಅಂದರೆ ಸಮುದ್ರದ ದಾರಿಯಿಂದ ಬೆಟ್ಟದ ದಾರಿಗೆ. ಪುರಾಣವನ್ನು ಇತಿಹಾಸವೆಂದು ನಾನು ಹೇಳುತ್ತಿಲ್ಲ. ಆದರೆ ಕತೆ ಕಟ್ಟಿದವರಿಗೆ ಕಾಯ್ ಎಂದರೆ ಮುಚ್ಚಿದ ಪೆಟ್ಟಿಗೆಯಾಗಿರದೆ ನಡುಮನೆಯಾಗಿತ್ತು ಎನ್ನುವುದಂತೂ ಅದರಿಂದ ತಿಳಿಯುತ್ತದೆ.

ಚೂಓಲೈನ್ ಬರೆದದ್ದು:

ಕೆಲಸದ ನಿಮಿತ್ತ ತೊಕ್ಯೊದಲ್ಲಿರುವ ಕನ್ನಡಿಗ ನಾನು. ಹಳೆಹೆದ್ದಾರಿಯವರು ಹೇಳಿದ ನಡುಮನೆಯ ಮಾತಿಗೆ ಕಣ್ಣಾರೆ ಕಂಡದ್ದನ್ನು ಸೇರಿಸುತ್ತೇನೆ. ತೊಕ್ಯೊದ ಶಿಂಜುಕುವಿನಿಂದ ಚೂಓ ರೈಲು ಹಿಡಿದರೆ ಒಂದು ಗಂಟೆಗೂ ಮೀರಿ ಇಕ್ಕಟ್ಟಾದ ಕೊರಕಲುಗಳಲ್ಲೇ ಸಾಗಬೇಕು; ಸುರಂಗದಿಂದ ಹೊರಬಂದು ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಸುರಂಗ. ಈ ಭಾಗಕ್ಕೆ ಗುನ್ನಾಯ್ ಎಂದು ಹೆಸರು. ಹಳೆಯ ನಾಲ್ಕು ಜಿಲ್ಲೆಗಳಲ್ಲಿ ತ್ಸುರು ಜಿಲ್ಲೆ ಇದೇ. ಕೊನೆಗೆ 1903ರಲ್ಲಿ ತೆರೆದ, 4.6 ಕಿಲೋಮೀಟರಿಗೂ ಉದ್ದದ ಸಸಾಗೊ ಸುರಂಗವನ್ನೂ ಅದರ ಹಿಂದೆಯೇ ಬರುವ ಇನ್ನಷ್ಟು ಸುರಂಗಗಳನ್ನೂ ದಾಟಿ ಕತ್ಸುನುಮಾ ನಿಲ್ದಾಣದ ಬಳಿ ಹೊರಬಿದ್ದಾಗ, ಕಾಲಬುಡದಲ್ಲಿ ಇಡೀ ಬಯಲು ಬೋಗುಣಿಯಂತೆ ತೆರೆದುಕೊಳ್ಳುತ್ತದೆ. ಇಳಿಜಾರಿನ ತುಂಬ ದ್ರಾಕ್ಷಿ ಚಪ್ಪರಗಳು, ಆಚೆ ತುದಿಯಲ್ಲಿ ಹಿಮ ಹೊತ್ತ ಬೆಟ್ಟಸಾಲು. ಈ ಬೋಗುಣಿಗೆ ಕುನಿನಾಕಾ, ಅಂದರೆ ನಾಡಿನ ನಡು, ಎಂದು ಹೆಸರು. ಯಮನಾಶಿ, ಯತ್ಸುಶಿರೊ, ಕೋಮಾ ಎಂಬ ಉಳಿದ ಮೂರು ಜಿಲ್ಲೆಗಳು ಇಲ್ಲಿ ಸೇರುತ್ತವೆ. ಎರಡು ಭಾಗಗಳ ಆಡುಮಾತು ಸಹ ಬೇರೆ ಬೇರೆ.

ಗುನ್ನಾಯ್ ಭಾಗದ ನೆಲವನ್ನು ಫುಜಿಯೇ ತಿದ್ದಿದೆ. 864ರಲ್ಲಿ ಅದು ವಾಯವ್ಯದ ಮಗ್ಗುಲಲ್ಲಿ ಸಿಡಿದು ಲಾವಾ ಹರಿದಾಗ, ಸೆನೊಉಮಿ ಎಂಬ ದೊಡ್ಡ ಸರೋವರದ ಬಹುಭಾಗ ಮುಚ್ಚಿಹೋಗಿ, ಉಳಿದ ಎರಡು ತುಂಡುಗಳು ಸಾಯ್ ಮತ್ತು ಶೋಜಿ ಎಂಬ ಸರೋವರಗಳಾದವು. ಆ ಲಾವಾದ ಮೇಲೆಯೇ ಇಂದಿನ ಅಓಕಿಗಹಾರಾ ಕಾಡು ಬೆಳೆದಿದೆ. ಈ ಎರಡು ಸರೋವರಗಳೂ ಪಕ್ಕದ ಮೊತೊಸು ಸರೋವರವೂ ಇಂದಿಗೂ ಒಂದೇ ನೀರುಮಟ್ಟದಲ್ಲಿವೆ; ಲಾವಾದ ಅಡಿಯಲ್ಲಿ ಅವುಗಳ ನಂಟು ಇನ್ನೂ ಕಡಿದಿಲ್ಲವೆಂದು ನಂಬಲಾಗಿದೆ. ಮರುವರ್ಷವೇ ಕಾಯ್‌ನಲ್ಲಿಯೂ ಫುಜಿಯ ಅಸಾಮಾ ದೇವತೆಗೆ ಗುಡಿ ಕಟ್ಟಿಸಬೇಕೆಂದು ರಾಜಧಾನಿಯಿಂದ ಆಜ್ಞೆ ಬಂದಿತು.

ಏರಿಕಾವಲು ಬರೆದದ್ದು:

ನೀರಾವರಿ ಕೆಲಸದಲ್ಲಿ ಮೂರು ದಶಕ ಕಳೆದವನಾದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ಹೊಳೆಯ ಕಡೆಗೆ. ಬೋಗುಣಿ ಎಂದಿರಲ್ಲ, ಬೋಗುಣಿಗೆ ಬಿದ್ದ ನೀರೆಲ್ಲ ತಳಕ್ಕೇ ಇಳಿಯುತ್ತದೆ. ವಾಯವ್ಯದಿಂದ ಕಮನಾಶಿ, ಈಶಾನ್ಯದಿಂದ ಫುಎಫುಕಿ ಎಂಬ ಎರಡು ಹೊಳೆಗಳು ಬಯಲಿನ ದಕ್ಷಿಣದಲ್ಲಿ ಕೂಡಿ, ಫುಜಿ ನದಿಯಾಗಿ ಒಂದೇ ಒಂದು ಇಕ್ಕಟ್ಟಾದ ಕಂಡಿಯಿಂದ ಸುರುಗಾದ ಕಡೆಗೆ ನುಗ್ಗುತ್ತವೆ. ಹಿಂದೆ ಬಯಲೆಲ್ಲ ಸರೋವರವಾಗಿತ್ತು, ದೇವರು ಬೆಟ್ಟವನ್ನು ಒದ್ದು ಸೀಳಿ ನೀರು ಹೊರಬಿಟ್ಟ ಎಂಬ ಐತಿಹ್ಯ ಅಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಎಲ್ಲಕ್ಕಿಂತ ಕಾಟ ಕೊಟ್ಟದ್ದು ಪಶ್ಚಿಮದ ಕಡಿದಾದ ಬೆಟ್ಟಗಳಿಂದ ಕಲ್ಲುಗುಂಡುಗಳನ್ನು ಉರುಳಿಸಿಕೊಂಡು ಬರುವ ಮಿದಾಯ್ ಎಂಬ ಉಪನದಿ. ಅದು ಕಮನಾಶಿಗೆ ಅಡ್ಡಲಾಗಿ ಬಂದು ಬಡಿದಾಗ ಕಮನಾಶಿ ಪೂರ್ವಕ್ಕೆ, ಅಂದರೆ ಕೋಫು ಊರಿನ ಕಡೆಗೇ ಏರಿ ಹೋಗುತ್ತಿತ್ತು. ಕಾಯ್ ಪ್ರಾಂತ್ಯದ ದೊರೆ ತಕೆದಾ ಶಿಂಗೆನ್ ತನ್ನ ತಂದೆ ನೊಬುತೊರಾನನ್ನು 1541ರಲ್ಲಿ ಗಡಿಯಾಚೆ ಕಳಿಸಿ ಅಧಿಕಾರ ಹಿಡಿದ ಮರುವರ್ಷವೇ ದೊಡ್ಡ ನೆರೆ ಬಂದಿತು. ಮುಂದೆ ಸುಮಾರು ಎರಡು ದಶಕಗಳಲ್ಲಿ ಅಲ್ಲಿ ರೂಪುಗೊಂಡ ಕಾಮಗಾರಿಗೆ ಶಿಂಗೆನ್ ಏರಿ ಎಂದು ಹೆಸರು.

ಅದರ ಜಾಣ್ಮೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿದಾಯ್ ನೀರಿನ ಎದುರಿಗೆ, ಜಪಾನಿ ಚದುರಂಗದ ಕಾಯಿಯ ತುದಿಯಂತೆ ಮೊನಚಾದ ಕಲ್ಲುಕಟ್ಟನ್ನು ಕಟ್ಟಿ ಪ್ರವಾಹವನ್ನು ಎರಡಾಗಿ ಸೀಳಲಾಯಿತು. ಮುಖ್ಯ ಹರಿವಿಗೆ ದಿಣ್ಣೆಯನ್ನು ಕಡಿದು ಉತ್ತರಕ್ಕೆ ದಾರಿ ಮಾಡಿ, ಕಮನಾಶಿಯ ಎಡದಂಡೆಯಲ್ಲಿರುವ ತಕಾಇವಾ ಎಂಬ ಬಂಡೆಗೋಡೆಗೆ ಎರಡೂ ನೀರುಗಳು ಹೋಗಿ ಅಪ್ಪಳಿಸುವಂತೆ ಮಾಡಲಾಯಿತು. ಮನುಷ್ಯ ಕಟ್ಟಿದ್ದು ಕೊಚ್ಚಿಹೋಗಬಹುದು, ಬೆಟ್ಟ ಕೊಚ್ಚಿಹೋಗುವುದಿಲ್ಲವಷ್ಟೆ. ಹೊಡೆತ ಕಳೆದುಕೊಂಡ ನೀರಿಗೆ ಕೆಳಗೆ ರ್ಯೂಓ ಎಂಬಲ್ಲಿ ಏರಿ ಹಾಕಿದರು. ಅದಕ್ಕೂ ಕೆಳಗಿನ ಏರಿಗಳು ಒಂದೇ ಸಮನೆ ಸಾಗದೆ, ಒಂದರ ಹಿಂದೊಂದು ಓರೆಯಾಗಿ ನಿಂತು ನಡುವೆ ಬಾಯಿ ಬಿಟ್ಟಿವೆ. ನೆರೆ ಬಂದಾಗ ಆ ಬಾಯಿಗಳಿಂದ ನೀರು ಹಿಮ್ಮುಖವಾಗಿ, ಮೆಲ್ಲಗೆ ಗದ್ದೆಗೆ ಹೊಕ್ಕು, ಹೊಳೆ ಇಳಿದ ಮೇಲೆ ಅದೇ ಬಾಯಿಯಿಂದ ಹೊರಗೆ ಹೋಗುತ್ತದೆ. ನಮ್ಮ ಕೆರೆಗಳ ಕೋಡಿಯನ್ನು ಬಲ್ಲವರಿಗೆ ಇದರ ಮರ್ಮ ಬೇಗ ಹಿಡಿಸೀತು: ನೀರನ್ನು ಪೂರ್ತಿ ತಡೆಯುತ್ತೇನೆಂದು ಹೊರಟ ಏರಿ ಉಳಿಯುವುದಿಲ್ಲ.

ಏರಿ ಕಟ್ಟಿದ ಮೇಲೆ ಅದನ್ನು ಕಾಯುವವರು ಬೇಕು. 1560ರ ಒಂದು ಆಜ್ಞಾಪತ್ರದಲ್ಲಿ ರ್ಯೂಓ ಏರಿಯ ಬಳಿ ಬಂದು ನೆಲೆಸುವವರಿಗೆ ಮನೆತೆರಿಗೆಯನ್ನು ಬಿಡಲಾಗಿದೆ. ವಸಂತಕಾಲದಲ್ಲಿ ಪ್ರಾಂತ್ಯದ ಮೂರು ಮುಖ್ಯ ಗುಡಿಗಳ ಪಲ್ಲಕ್ಕಿಗಳು ಈ ಏರಿಯ ಮೇಲೆ ಬರುವ ಉತ್ಸವ ಈಗಲೂ ನಡೆಯುತ್ತದೆ. ಅಸಾಮಾ ಗುಡಿಯದು ಹೆಣ್ಣುದೇವತೆಯಾದ್ದರಿಂದ ಪಲ್ಲಕ್ಕಿ ಹೊರುವ ಗಂಡಸರು ಮುಖಕ್ಕೆ ಬಿಳಿ ಬಳಿದುಕೊಂಡು ಹೆಂಗಸರ ಉಡುಗೆ ತೊಟ್ಟು ಹೆಜ್ಜೆ ಹಾಕುತ್ತಾರೆ. ಅಷ್ಟು ಕಾಲುಗಳು ತುಳಿದರೆ ಏರಿಯ ಮಣ್ಣು ಗಟ್ಟಿಯಾಗುತ್ತದೆ ಎಂಬ ಲೆಕ್ಕಾಚಾರವೂ ಅದರ ಹಿಂದಿದೆ ಎನ್ನುತ್ತಾರೆ.

ಹಳೆಹೆದ್ದಾರಿ ಬರೆದದ್ದು:

ಏರಿಕಾವಲು ಅವರ ವಿವರಣೆಗೆ ಧನ್ಯವಾದಗಳು. ಆದರೆ ಒಂದು ತಕರಾರನ್ನು ದಾಖಲಿಸಬೇಕಾಗಿದೆ. ಕಾಯ್‌ನಲ್ಲಿ ಒಳ್ಳೆಯದೆಲ್ಲವನ್ನೂ ಶಿಂಗೆನ್‌ನ ಹೆಸರಿಗೆ ಬರೆಯುವ ಚಾಳಿ ಬಹಳ ಹಳೆಯದು. ಏರಿಯ ವಿಷಯದಲ್ಲಿ ಅವನ ಕಾಲದ ಪತ್ರಗಳು ಕೈಬೆರಳೆಣಿಕೆಯಷ್ಟು ಮಾತ್ರ ಇವೆ. ಇಡೀ ಏರ್ಪಾಡನ್ನು ವಿವರಿಸುವ ಬರಹಗಳು ಆಮೇಲಿನ ಎದೊ ಕಾಲದವು (1603–1868). ಇಂದು ಕಾಣುವ ರೂಪದಲ್ಲಿ ನಂತರದವರ ಕೈವಾಡ ಎಷ್ಟೆಂಬುದು ಇತಿಹಾಸಕಾರರಲ್ಲಿ ಚರ್ಚೆಯಲ್ಲಿರುವ ವಿಷಯ.

ಚಿನ್ನದ್ದೂ ಅದೇ ಕತೆ. ಕುರೊಕಾವಾ ಮತ್ತು ಯುನೊಒಕು ಗಣಿಗಳನ್ನು ‘ಶಿಂಗೆನ್‌ನ ಗುಪ್ತ ಗಣಿಗಳು’ ಎಂದು ಕರೆಯುವುದುಂಟು. ವಾಸ್ತವದಲ್ಲಿ ಅಲ್ಲಿ ಅಗೆಯುತ್ತಿದ್ದವರು ಕನಯಾಮಾಶೂ ಎಂಬ ಸ್ವತಂತ್ರ ಗಣಿಗಾರರ ಕೂಟಗಳು. ತಕೆದಾ ಮನೆತನ 1571ರಲ್ಲಿ ಫುಕಾಜಾವಾ ಕೋಟೆಯನ್ನು ಮುತ್ತಿದಾಗ ಈ ಗಣಿಗಾರರ ನೆರವು ಪಡೆದು, ಅದಕ್ಕೆ ಪ್ರತಿಯಾಗಿ ಭತ್ತದ ಮೂಟೆಗಳನ್ನು ಕೊಟ್ಟ ಪತ್ರವಿದೆ. ಆಳುಗಳಿಗೆ ಆಜ್ಞೆ ಹೋಗುತ್ತದೆ, ಕೂಲಿಯ ಒಪ್ಪಂದ ಹೋಗುವುದು ಸರಿಸಮಾನರಿಗೆ.

ನಕಾಶೆನಂಟು ಬರೆದದ್ದು:

ಚರ್ಚೆ ಏರಿಯ ಮೇಲೆ ಹತ್ತಿದ್ದರಿಂದ ನನ್ನ ಉಪ್ಪು ಕರಗಿಹೋಗುವಂತಿದೆ! ಶಿಂಗೆನ್‌ಗೆ ಉಪ್ಪು ಸಿಗದಿದ್ದಾಗ ಅವನ ಕಡುವೈರಿ, ಉತ್ತರದ ಕಡಲತೀರದ ಎಚಿಗೊ ಪ್ರಾಂತ್ಯದ ದೊರೆ ಉಎಸುಗಿ ಕೆನ್‌ಶಿನ್ ಉಪ್ಪು ಕಳಿಸಿಕೊಟ್ಟನೆಂಬ ಕತೆಯನ್ನು ಎಲ್ಲೆಡೆ ಓದಿದ್ದೇನೆ. ಅದು ನಿಜವೇ?

ಚೂಓಲೈನ್ ಬರೆದದ್ದು:

ಕತೆಯ ಅರ್ಧ ಭಾಗ ನಿಜ. ಸುರುಗಾದ ಇಮಾಗಾವಾ ಮನೆತನ 1567ರ ಸುಮಾರಿಗೆ ಕಾಯ್‌ಗೆ ಹೋಗುವ ಉಪ್ಪನ್ನು ತಡೆದದ್ದು ಇತಿಹಾಸ. ಕೆನ್‌ಶಿನ್ ಔದಾರ್ಯದಿಂದ ಉಪ್ಪು ಕಳಿಸಿದ ಎನ್ನುವುದಕ್ಕೆ ಆ ಕಾಲದ ಪುರಾವೆ ಇಲ್ಲ. ಅವನು ತನ್ನ ಕಡೆಯ ವ್ಯಾಪಾರಿಗಳನ್ನು ತಡೆಯಲಿಲ್ಲ ಎಂಬಷ್ಟನ್ನು ಹೆಚ್ಚಿನವರು ಒಪ್ಪುತ್ತಾರೆ. ಶತ್ರುವಿಗೆ ಉಪ್ಪು ಕಳಿಸುವುದು ಎಂಬ ನಾಣ್ಣುಡಿ ಮಾತ್ರ ಜಪಾನಿ ಭಾಷೆಯಲ್ಲಿ ಭದ್ರವಾಗಿ ಕುಳಿತಿದೆ. ಶಿಂಗೆನ್‌ನಾದರೋ ಯಾರ ಔದಾರ್ಯವನ್ನೂ ನೆಚ್ಚಿಕೊಳ್ಳದೆ 1568ರ ಕೊನೆಯಲ್ಲಿ ಸುರುಗಾಕ್ಕೆ ನುಗ್ಗಿದ. ಅಲ್ಲಿಂದ 1582ರಲ್ಲಿ ಅವನ ಮಗ ಕತ್ಸುಯೊರಿ ತೆಂಮೊಕು ಬೆಟ್ಟದ ತಪ್ಪಲಲ್ಲಿ ಪ್ರಾಣ ಬಿಡುವವರೆಗೆ ತಕೆದಾ ಮನೆತನಕ್ಕೆ ಕಡಲತೀರವೂ ಇತ್ತು, ಒಂದು ನೌಕಾಪಡೆಯೂ ಇತ್ತು. ಅಂತೂ ನಿಮ್ಮ ‘ಸಮುದ್ರದ ದಾರಿ’ಯ ಪ್ರಾಂತ್ಯ ಒಂದಿಷ್ಟು ವರ್ಷ ಹೆಸರಿಗೆ ತಕ್ಕಂತೆ ಬದುಕಿತು ಎನ್ನಬಹುದು.

ಉಪ್ಪಿನ ಪ್ರಶ್ನೆಗೆ ಬಾಳಿಕೆಯ ಉತ್ತರ ಕೊಟ್ಟದ್ದು ಖಡ್ಗ ಅಲ್ಲ, ದೋಣಿ. ಆಗ ದೇಶದ ಅಧಿಕಾರ ಹಿಡಿದಿದ್ದ ತೊಕುಗಾವಾ ಇಎಯಾಸುವಿನ ಆಜ್ಞೆಯಂತೆ ಕ್ಯೋತೊದ ವರ್ತಕ ಸುಮಿನೊಕುರಾ ರ್ಯೋಇ 1607ರಿಂದ ಫುಜಿ ನದಿಯ ಬಂಡೆಗಳನ್ನು ಒಡೆಸಿ ಜಲಮಾರ್ಗ ತೆರೆದ. ಬಯಲಿನ ಅಂಚಿನ ಕಜಿಕಾಜಾವಾ, ಅಓಯಾಗಿ, ಕುರೊಸಾವಾ ಎಂಬ ಮೂರು ಕಟ್ಟೆಗಳಿಂದ ಸಮುದ್ರದ ಬಳಿಯ ಇವಾಬುಚಿಯವರೆಗೆ ಸುಮಾರು 70 ಕಿಲೋಮೀಟರ್. ‘ಇಳಿಯುವಾಗ ಅಕ್ಕಿ, ಏರುವಾಗ ಉಪ್ಪು’ ಎಂಬುದು ಅಲ್ಲಿನ ಮಾತು. ಅಕ್ಕಿ ಹೊತ್ತ ದೋಣಿ ಸುಳಿಗಳ ನಡುವೆ ಅರ್ಧ ದಿನದಲ್ಲಿ ಕೆಳಗಿಳಿಯುತ್ತಿತ್ತು. ಉಪ್ಪು ತುಂಬಿಕೊಂಡು ಮರಳುವಾಗ ಅಂಬಿಗರು ಎದೆಗೆ ಹಗ್ಗ ಬಿಗಿದುಕೊಂಡು ದಂಡೆಯ ಕಲ್ಲುಗಳ ಮೇಲೆ ಬಾಗಿ ಬಾಗಿ ಎಳೆಯುತ್ತ ನಾಲ್ಕೈದು ದಿನ ತೆಗೆದುಕೊಳ್ಳುತ್ತಿದ್ದರು. ದೋಣಿಗಳಿಗೆ ಮೊದಲ ಪೆಟ್ಟು ಬಿದ್ದದ್ದು 1903ರಲ್ಲಿ ಕೋಫುವಿಗೆ ರೈಲು ಬಂದಾಗ. 1928ರಲ್ಲಿ ನದಿಯ ಪಕ್ಕದಲ್ಲೇ ಮಿನೊಬು ರೈಲುಮಾರ್ಗ ಪೂರ್ತಿಯಾದ ಮೇಲೆ ಅವುಗಳಿಗೆ ಕೆಲಸ ಉಳಿಯಲಿಲ್ಲ.

ಮೀನು ಮಾತ್ರ ದೋಣಿಯನ್ನು ಕಾಯುವಂತಿರಲಿಲ್ಲ. ಅದು ಸುರುಗಾ ತೀರದ ಯೊಶಿವಾರಾದಿಂದ ಮೊತೊಸು, ಶೋಜಿ ಸರೋವರಗಳ ಪಕ್ಕದ ನಾಕಾಮಿಚಿ ದಾರಿಯಲ್ಲಿ ಕುದುರೆಯ ಬೆನ್ನಿನ ಮೇಲೆ ಬರುತ್ತಿತ್ತು. ಕೋಫು ಪೇಟೆಯ ಹೆಸರಾಂತ ತಿನಿಸು ಯಾವುದೆಂದು ಕೇಳಿದರೆ ನಗು ಬರುತ್ತದೆ: ಕಡಲಚಿಪ್ಪಿನ ಅವಾಬಿ. ಸೋಯಾ ರಸದಲ್ಲಿ ಇಡಿಯಾಗಿ ಬೇಯಿಸಿದ ಅವಾಬಿಗೆ ನಿಗಾಯ್ ಎಂದು ಹೆಸರು. ಸುರುಗಾದಲ್ಲಿ ರಸದೊಡನೆ ಪೀಪಾಯಿಗೆ ತುಂಬಿದ್ದು ಕುದುರೆಯ ಮೈಬಿಸಿಗೂ ಕುಲುಕಾಟಕ್ಕೂ ಹದವಾಗಿ, ಕೋಫು ಮುಟ್ಟುವಾಗ ರುಚಿ ಕೂಡಿಕೊಂಡಿತ್ತು ಎಂದು ಅಂಗಡಿಯವರು ಇಂದಿಗೂ ಹೇಳುತ್ತಾರೆ. ನಾನು ತಿನ್ನುವವನಲ್ಲದ ಕಾರಣ ರುಚಿಯ ಬಗ್ಗೆ ಸಾಕ್ಷಿ ನುಡಿಯಲಾರೆ.

ಗದ್ದೆಬದು ಬರೆದದ್ದು:

ಇದುವರೆಗೂ ಓದುತ್ತಿದ್ದೆ, ನೀರಿನ ಇನ್ನೊಂದು ಮುಖ ಬಿಟ್ಟುಹೋಗುತ್ತಿರುವುದರಿಂದ ಬರೆಯುತ್ತಿದ್ದೇನೆ. ವೈದ್ಯಕೀಯ ಪ್ರಯೋಗಾಲಯದ ಕೆಲಸ ನನ್ನದು. ಕೋಫು ಬಯಲಿನ ಹೆಸರನ್ನು ನಾನು ಮೊದಲು ಕಂಡದ್ದು ಪರೋಪಜೀವಿಗಳ ಪಾಠದಲ್ಲಿ. ಆ ತಗ್ಗಿನ ಗದ್ದೆಗಳಲ್ಲಿ ದುಡಿಯುವವರ ಕಾಲಿಗೆ ಮೊದಲು ತುರಿಕೆಯ ಗುಳ್ಳೆಗಳೇಳುತ್ತಿದ್ದವು. ವರ್ಷಗಳು ಕಳೆದಂತೆ ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ನೀರು ತುಂಬಿ ಊದಿ, ಸಾವು ಬರುತ್ತಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಜನ ಅದನ್ನು ‘ಈ ಸೀಮೆಯ ರೋಗ’ ಎಂದಷ್ಟೇ ಕರೆದರು. ಅಂಥ ಒಂದು ಹಳ್ಳಿಗೆ ಸೊಸೆಯಾಗಿ ಹೋಗುವವಳಿಗೆ ಹೆಣಬಟ್ಟೆಯನ್ನೂ ಶವಪೆಟ್ಟಿಗೆಯನ್ನೂ ಕೊಡಿಸುವ ಮಾತಿನ ಹಾಡು ಆ ಕಡೆ ಪ್ರಚಾರದಲ್ಲಿತ್ತು.

ಈ ರೋಗದಿಂದ ನರಳುತ್ತಿದ್ದ ಸುಗಿಯಾಮಾ ನಾಕಾ ಎಂಬ ರೈತ ಮಹಿಳೆ, ತಾನು ಸತ್ತ ಮೇಲೆ ದೇಹವನ್ನು ಕೊಯ್ದು ಕಾರಣ ಹುಡುಕಿರೆಂದು ವೈದ್ಯರಿಗೆ ಒಪ್ಪಿಗೆ ಕೊಟ್ಟಳು. 1897ರ ಜೂನ್‌ನಲ್ಲಿ, ಶವ ಕೊಯ್ಯುವುದೆಂದರೆ ಹಳ್ಳಿಗರು ಬೆಚ್ಚುತ್ತಿದ್ದ ಕಾಲದಲ್ಲಿ, ಬೌದ್ಧ ದೇವಾಲಯವೊಂದರ ಅಂಗಳದಲ್ಲಿ ಆ ಪರೀಕ್ಷೆ ನಡೆಯಿತು. 1904ರಲ್ಲಿ ಕತ್ಸುರಾದಾ ಫುಜಿರೊ ಅವರು ಸ್ಥಳೀಯ ವೈದ್ಯ ಮಿಕಾಮಿ ಸಬುರೊ ಅವರ ಮನೆಯ ಬೆಕ್ಕಿನ ದೇಹದಲ್ಲಿ ರಕ್ತನಾಳದ ಹುಳುವನ್ನು ಕಂಡುಹಿಡಿದರು. 1913ರಲ್ಲಿ ಮಿಯಾಇರಿ ಕೆಯ್‌ನೊಸುಕೆ ಅವರು ಕ್ಯೂಶೂ ದ್ವೀಪದಲ್ಲಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಬಸವನಹುಳುವಿನ ಒಳಗೆ ಅದರ ಮರಿಗಳು ಬೆಳೆಯುವುದನ್ನು ತೋರಿಸಿದರು. ಕಾಲುವೆಯ ಹುಲ್ಲುದಂಡೆಯೇ ಆ ಬಸವನಹುಳುವಿನ ಮನೆ. ಏರಿಕಾವಲು ಅವರು ಬೇಸರಿಸಬಾರದು: ಹೊಳೆಯನ್ನು ಪಳಗಿಸಿ ತಗ್ಗಿನಲ್ಲೆಲ್ಲ ಗದ್ದೆ, ಕಾಲುವೆ ಹರಡಿದ್ದು ಆ ಹುಳುವಿಗೂ ಒದಗಿಬಂದಿತ್ತು. ಆಮೇಲೆ 2000 ಕಿಲೋಮೀಟರಿಗೂ ಹೆಚ್ಚು ಕಾಲುವೆಗಳಿಗೆ ಕಾಂಕ್ರೀಟ್ ಹಾಸಿ, ಅನೇಕ ಗದ್ದೆಗಳನ್ನು ಹಣ್ಣಿನ ತೋಟ ಮಾಡಿ, 1996ರಲ್ಲಿ ರೋಗ ಮುಗಿಯಿತೆಂದು ಪ್ರಿಫೆಕ್ಚರ್ ಸಾರಿತು.

ಏರಿಕಾವಲು ಬರೆದದ್ದು:

ಬೇಸರವೇನೂ ಇಲ್ಲ, ನೀರು ಬಂದಲ್ಲಿಗೆ ಅದರ ಹಿಂದೆ ಬರುವುದನ್ನೂ ಲೆಕ್ಕ ಹಾಕಬೇಕೆಂದು ನಾವೂ ತಡವಾಗಿಯೇ ಕಲಿತೆವು. ಹಣ್ಣಿನ ತೋಟದ ಮಾತು ಬಂದದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಇದೇ ಬಯಲಿನ ಅಂಚುಗಳಲ್ಲಿ, ಹೊಳೆಗಳು ಬೆಟ್ಟದಿಂದ ಇಳಿದು ಕಲ್ಲುಮರಳನ್ನು ಬೀಸಣಿಗೆಯಂತೆ ಹರಡಿದ ಕಡೆಗಳಲ್ಲಿ ನೀರು ನಿಲ್ಲುವುದೇ ಇಲ್ಲ. ಮಿದಾಯ್ ಹರಡಿದ ನೆಲದ ಹಾರಾ ಎಂಬ ಏಳು ಹಳ್ಳಿಗಳು ‘ಬೆಳದಿಂಗಳಿಗೂ ಸುಟ್ಟುಹೋಗುತ್ತವೆ’ ಎಂಬ ಗಾದೆಯೇ ಇದೆ. ಅಲ್ಲಿನವರು ವ್ಯವಸಾಯವೊಂದನ್ನೇ ನಂಬದೆ ತಲೆಹೊರೆ ಹೊತ್ತು ಊರೂರು ತಿರುಗಿ ಮಾರುವವರಾದರು. ಕತ್ಸುನುಮಾದ ಕಡೆಯ ಇಂಥದೇ ನೆಲ ದ್ರಾಕ್ಷಿಗೆ ಒಗ್ಗಿತು. ಅಲ್ಲಿನ ಕೋಶೂ ತಳಿಯನ್ನು ಬುದ್ಧನೇ ಕೊಟ್ಟನೆಂಬ ಕತೆಯ ಮೇಲೆ ದಾಯ್‌ಜೆನ್‌ಜಿ ದೇವಾಲಯದ ಮೂರ್ತಿ ದ್ರಾಕ್ಷಿಗೊಂಚಲು ಹಿಡಿದಿದೆ. ತಳಿಶಾಸ್ತ್ರಜ್ಞರು ಅದು ಬಹುಪಾಲು ಪಶ್ಚಿಮದ ದ್ರಾಕ್ಷಿ, ತುಸು ಪೂರ್ವ ಏಷ್ಯಾದ ಕಾಡುಬಳ್ಳಿಯ ರಕ್ತವಿದೆ ಎನ್ನುತ್ತಾರೆ. 1877ರಲ್ಲಿ ಇದೇ ಊರಿನ ಇಬ್ಬರು ತರುಣರನ್ನು ವೈನ್ ಕಲಿಯಲು ಫ್ರಾನ್ಸಿಗೆ ಕಳಿಸಲಾಯಿತು.

ನಕಾಶೆನಂಟು ಬರೆದದ್ದು:

ನನ್ನ ನಕಾಶೆಯ ಮೇಲೆ ಈಗ ಪೆನ್ಸಿಲ್ ಗೆರೆಗಳೇ ತುಂಬಿವೆ: ಮಿಸಾಕಾ ದಾರಿ, ಉಪ್ಪಿನ ದೋಣಿ, ಮೀನಿನ ಕುದುರೆ. ಒಂದೇ ಒಂದು ಗೆರೆ ಹೊಂದುತ್ತಿಲ್ಲ. ಎದೊ ಕಾಲದ ನಕಾಶೆಯಲ್ಲಿ ಫುಎಫುಕಿ ಹೊಳೆ ಇಸಾವಾ ಊರಿನ ಹತ್ತಿರ ಇಂದಿಗಿಂತ ಉತ್ತರಕ್ಕೆ ಹರಿಯುತ್ತದೆ. ನಕಾಶೆ ಬರೆದವನ ಕೈತಪ್ಪೇ?

ಚೂಓಲೈನ್ ಬರೆದದ್ದು:

ಕೈತಪ್ಪಲ್ಲ, ಹೊಳೆಯೇ ಜಾಗ ಬದಲಿಸಿತು. 1868ರ ನಂತರದ ಮೇಜಿ ಸರಕಾರ ಹಳ್ಳಿಗಳ ಸಾಮುದಾಯಿಕ ಕಾಡುಗಳನ್ನು ಚಕ್ರವರ್ತಿಯ ಆಸ್ತಿಯೆಂದು ಬರೆಸಿಕೊಂಡ ಮೇಲೆ ನೋಡಿಕೊಳ್ಳುವವರಿಲ್ಲದೆ ಬೆಟ್ಟಗಳು ಬೋಳಾಗಿದ್ದವು. 1907ರ ಆಗಸ್ಟ್‌ನ ಮಳೆಗೆ ಬೆಟ್ಟಗಳೇ ಜಾರಿ, 233 ಜನ ಸತ್ತರು, ಫುಎಫುಕಿ ದಕ್ಷಿಣಕ್ಕೆ ಹೊಸ ಪಾತ್ರ ಕೊರೆದುಕೊಂಡಿತು. ಹೊಲಮನೆ ಕಳೆದುಕೊಂಡ ಹಲವು ಕುಟುಂಬಗಳು ದೂರದ ಹೊಕ್ಕಾಯ್ದೊದ ಯೋತೇಯ್ ಪರ್ವತದ ಬುಡಕ್ಕೆ ವಲಸೆ ಹೋದವು. 1911ರಲ್ಲಿ ಆ ಕಾಡುಗಳನ್ನು ಪ್ರಿಫೆಕ್ಚರ್‌ಗೆ ಕೊಡಲಾಯಿತು. ಇಂದಿಗೂ ಯಮನಾಶಿಯ ಮೂರನೇ ಒಂದು ಭಾಗದಷ್ಟು ನೆಲ ಅದೇ.

ಹಳೆಯ ಪಾತ್ರದಲ್ಲಿ ಈಗ ಬ್ಯೋದೊ ಎಂಬ ಸಣ್ಣ ಹೊಳೆ ಹರಿಯುತ್ತದೆ. ನಿಮ್ಮ ಎದೊ ನಕಾಶೆಯ ಗೆರೆಯ ಪಕ್ಕದಲ್ಲೇ ಅದನ್ನು ಎಳೆದುಕೊಳ್ಳಿ. ಇಸಾವಾವನ್ನೂ ಗುರುತು ಮಾಡಿಕೊಳ್ಳಿ: 1961ರಲ್ಲಿ ಅಲ್ಲಿನ ದ್ರಾಕ್ಷಿತೋಟವೊಂದರ ನಡುವೆ ಬಿಸಿನೀರು ಬುಗ್ಗೆಯಾಗಿ ಚಿಮ್ಮಿ ಪಕ್ಕದ ತೊರೆಗೆ ಹರಿದಾಗ, ಊರವರು ಸ್ನಾನಗೃಹ ಕಟ್ಟುವವರೆಗೂ ಕಾಯದೆ ಬಯಲಿನಲ್ಲೇ ಅದಕ್ಕೆ ಇಳಿದರಂತೆ.